ಪಾಚಿ ಹತ್ತಿದ ಸಾಣಿಗೆ

ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ ಚಿಂಚೋಳಿಯಿಂದ ವಾಡಿಯ ಮನೆಗೆ ಬಂದ ಭೀಮಶಾನಿಗೆ ಚಪ್ಪಲಿ ಬಿಡುವ ಮೊದಲೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಅದನ್ನು ಅವನ ಮೂಗು ಹೇಳಿತು. ದಿನಾ ಬಾಗಿಲಲ್ಲೇ ಎದುರಾಗುತ್ತಿದ್ದ ಹೊಳೆದಂಡೆಯ ಹಸಿ ವಾಸನೆ ಇವತ್ತು ಇರಲಿಲ್ಲ, ಸಾಬೂನು ಪುಡಿಯ ವಾಸನೆ ಇತ್ತು. ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಸಣ್ಣದೊಂದು ಆಗಲೇ ಮಗ್ಗುಲಾಗಿ ತೇಲುತ್ತಿತ್ತು. ಪೆಟ್ಟಿಗೆಯ ಮೇಲೆ, ಕೆಂಪು ಎಲ್ಇಡಿ ಪಟ್ಟಿಗಳ ನಡುವೆ, ಒಂದು ಪ್ಲಾಸ್ಟಿಕ್ ಸಾಣಿಗೆ ಸಂತೆಯಿಂದ ಈಗಷ್ಟೇ ತಂದ ಹಾಗೆ ಬೆಳ್ಳಗೆ ನಿಂತಿತ್ತು.

ಹಿಟ್ಟು ಸಾಣಿಸುವ ಸಾಣಿಗೆಗೂ ಮೀನಿಗೂ ಎಲ್ಲಿಯ ಸಂಬಂಧ ಎಂದು ವಾಡಿಯಲ್ಲಿ ಕೇಳದವರಿರಲಿಲ್ಲ. ಭೀಮಶಾ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ. ಸಣ್ಣ ಪಂಪು ಪೆಟ್ಟಿಗೆಯ ನೀರನ್ನು ಮೇಲಕ್ಕೆತ್ತಿ ಸಾಣಿಗೆಯ ಮೈಮೇಲೆ ಸುರಿಯುತ್ತದೆ. ಎರಡೂ ಕಡೆಯಿಂದ ಕೆಂಪು ಬೆಳಕು ಬೀಳುತ್ತದೆ. ಬೆಳಕೂ ನೀರೂ ಕೂಡಿದ ಕಡೆ ಪಾಚಿ ಹುಟ್ಟುತ್ತದೆ. ಮೀನು ನೀರಿನಲ್ಲಿ ಬಿಟ್ಟ ಹೊಲಸನ್ನೆಲ್ಲ ಆ ಪಾಚಿ ತಿಂದು ಬೆಳೆಯುತ್ತದೆ, ನೀರು ತಿಳಿಯಾಗಿ ಕೆಳಗೆ ಬೀಳುತ್ತದೆ. ವಾರಕ್ಕೊಮ್ಮೆ ಚಮಚದಿಂದ ಅರ್ಧ ಪಾಚಿ ಕೆರೆದು ಕರಿಬೇವಿನ ಗಿಡಕ್ಕೆ ಹಾಕಬೇಕು, ಉಳಿದರ್ಧವನ್ನು ಮುಟ್ಟಬಾರದು. ಪೂರ್ತಿ ತೆಗೆದರೆ ಮೀನಿನ ಹೊಲಸೇ ಮೀನಿಗೆ ವಿಷ.

ಈಗ ಪೂರ್ತಿ ಹೋಗಿತ್ತು. ಸಾಲದ್ದಕ್ಕೆ ಸಾಬೂನಿನ ನೊರೆ ಬೇರೆ ಸಾಣಿಗೆಯಿಂದಿಳಿದು ನೀರಿಗೆ ಸೇರಿತ್ತು.

ಭೀಮಶಾ ಹುಟ್ಟಿದ್ದು ಮಳಖೇಡದಲ್ಲಿ, ಕಾಗಿಣಾ ಹೊಳೆಯ ದಂಡೆಯ ಮನೆಯಲ್ಲಿ. ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಸೇತುವೆ ಬಂತು, ಹರಿಗೋಲು ಅಂಗಳದಲ್ಲಿ ಬೋರಲು ಬಿದ್ದು ಕೋಳಿಗೂಡಾಯಿತು. ಹರಿಗೋಲು ಸಿಗದ ಮಗ ವಾಡಿಗೆ ಬಂದು ಅಮೀರ್ ಅಲಿ ಉಸ್ತಾದರ ಲೈಟಿಂಗ್ ಅಂಗಡಿ ಸೇರಿದ. ಮದುವೆ, ಉರುಸು, ಗಣಪತಿ, ದೇವಿ ಪೆಂಡಾಲು ಎಂದು ವರ್ಷವಿಡೀ ದೀಪದ ಸರ ಕಟ್ಟುವ ಕೆಲಸ. ಉಸ್ತಾದರು ತೀರಿಕೊಂಡ ಮೇಲೆ ತನ್ನದೇ ಸಾಮಾನು, ತನ್ನದೇ ಸರಕಿನ ಆಟೋ ಮಾಡಿಕೊಂಡ. ಸೇಡಂನಿಂದ ಶಹಾಬಾದದವರೆಗೆ ಅವನು ಬೆಳಗಿಸದ ಓಣಿ ಇರಲಿಲ್ಲ, ಅವನ ಮನೆಯಲ್ಲಿ ಮಾತ್ರ ಮಿಣಿಮಿಣಿ ಅನ್ನುವ ಒಂದೇ ಟ್ಯೂಬು. "ಊರಿಗಿ ಉಪಕಾರಿ, ಮನಿಗಿ ಮಾರಿ" ಎಂದು ಹೆಂಡತಿ ಬಸ್ಸಮ್ಮ ಓಣಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ಬಸ್ಸಮ್ಮನ ಬಾಯಿ ಅಂಥದ್ದು. ನಳಕ್ಕೆ ನೀರು ಬಂದರೆ ಅವಳ ದನಿಯಿಂದಲೇ ಓಣಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳಿಗೆ ಲಕ್ವಾ ಹೊಡೆಯಿತು. ಕಲಬುರಗಿ ದವಾಖಾನೆಯಿಂದ ಬಂದ ಮೇಲೆ ಕಾಲು ಅಷ್ಟಿಷ್ಟು ಸುಧಾರಿಸಿತು, ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗಿ ಬರುತ್ತಿದ್ದಳು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದದ್ದು ಬಿದ್ದೇ ಇತ್ತು. ಮಾತು ಹೋಗಿತ್ತು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ಕರೆದರೂ ತಿರುಗುತ್ತಿರಲಿಲ್ಲ. ಮಗಳು ಶ್ರುತಿ ಸುಲೇಪೇಟದಿಂದ ಬಂದು ನಾಲ್ಕು ದಿನ ಅತ್ತು ಹೋದಳು. ಮೂವತ್ತು ವರ್ಷ ಬೈಗುಳ ತಿಂದ ಭೀಮಶಾನಿಗೆ ಆ ಮನೆಯ ಮೌನ ತಾಳಲಾಗಲಿಲ್ಲ.

ಶಹಾಬಾದದಲ್ಲಿ ಉರುಸಿನ ಲೈಟು ಹಾಕಲು ಹೋದವನು ಆಸಿಮನ ಮೀನಿನ ಅಂಗಡಿ ಕಂಡು ಬಂಗಾರದ ಮೀನುಗಳನ್ನು ಪೆಟ್ಟಿಗೆ ಸಮೇತ ಮನೆಗೆ ತಂದ. ಪೆಟ್ಟಿಗೆಯ ಜೊತೆ ಬಂದ ಫಿಲ್ಟರ್ ವಾಡಿಯ ಗಡಸು ನೀರಿಗೆ ಬೇಗ ಬೇಗ ಕಟ್ಟಿಕೊಂಡು ಗೊರಗೊರ ಅನ್ನತೊಡಗಿತು, ಬಸ್ಸಮ್ಮ ಎಡಗೈಯಿಂದ ತಲೆದಿಂಬು ಎಳೆದು ಕಿವಿಗೆ ಒತ್ತಿಕೊಂಡಳು. ಆಗ ಆಸಿಮ ಮೊಬೈಲಿನಲ್ಲಿ ಈ ಪಾಚಿ ಬೆಳೆಸುವ ಉಪಾಯ ತೋರಿಸಿದ. "ನಿಮ್ಮ ಹತ್ರ ಲೈಟ್ ಬಿಟ್ರ ಮತ್ತೇನದ, ಭೀಮಶಾ ಭಾಯ್? ಹಚ್ಚಿ ನೋಡ್ರಿ." ಭೀಮಶಾನಿಗೆ ನಗು ಬಂತು. ಹೊಳೆಯ ಮೆಟ್ಟಿಲ ಮೇಲೆ ಅದೇ ಪಾಚಿಗೆ, ಅವನ ಊರಿನವರು ಹಾವಸೆ ಅನ್ನುವುದಕ್ಕೆ, ಜಾರಿ ಹಲ್ಲು ಮುರಿದುಕೊಂಡವನು ಈಗ ಲೈಟು ಹಚ್ಚಿ ಅದನ್ನು ಸಾಕಬೇಕಂತೆ.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಹಳೆಯ ಮದುವೆ ಸೆಟ್ಟಿನ ಕೆಂಪು ಪಟ್ಟಿಗಳಿದ್ದವು. ತೂತಿರುವ, ಒರಟಾದ ಪ್ಲಾಸ್ಟಿಕ್ ಏನಾದರೂ ಬೇಕಿತ್ತು. ಅಡುಗೆಮನೆಯ ಮೊಳೆಗೆ ಬಸ್ಸಮ್ಮನ ಸಾಣಿಗೆ ಲಕ್ವಾ ಹೊಡೆದ ದಿನದಿಂದ ಸುಮ್ಮನೆ ತೂಗುತ್ತಿತ್ತು. ಅದನ್ನು ಇಳಿಸಿ, ಗರಗಸದ ಬ್ಲೇಡಿನಿಂದ ಉಜ್ಜಿ ಒರಟು ಮಾಡಿದ. ಅವಳನ್ನು ಕೇಳಲಿಲ್ಲ. ಮಾತಾಡದವಳನ್ನು ಏನು ಕೇಳುವುದು ಅಂದುಕೊಂಡ.

ಸಾಣಿಗೆ ಮೊದಲು ಕಂದಾಯಿತು, ಆಮೇಲೆ ಹಸಿರಾಯಿತು. ನೀರು ಅದರ ಮೇಲಿಂದ ಸಣ್ಣಗೆ ಸದ್ದು ಮಾಡುತ್ತ ಇಳಿಯುತ್ತಿತ್ತು, ಮನೆ ತುಂಬ ಹೊಳೆಯ ವಾಸನೆ. ಒಂದು ಮುಂಜಾನೆ ಚಹಾ ತಂದ ಭೀಮಶಾನಿಗೆ ಬಸ್ಸಮ್ಮನ ಬೆನ್ನು ಕಾಣಲಿಲ್ಲ, ಮುಖ ಕಂಡಿತು. ಗೋಡೆ ಬಿಟ್ಟು ಈ ಕಡೆ ತಿರುಗಿದ್ದಳು. ಪೆಟ್ಟಿಗೆ ನೋಡುತ್ತ, "ಹೊಳಿ" ಅಂದಳು. ಲಕ್ವಾದ ನಂತರ ಅವಳು ಆಡಿದ ಮೊದಲ ಮಾತು ಅದು. ಭೀಮಶಾ ಅಡುಗೆಮನೆಗೆ ಹೋಗಿ ಅತ್ತು ಬಂದ. ಆಮೇಲೆ ಬೆರಳಲ್ಲಿ ಎಣಿಸುವಷ್ಟು ಮಾತು ಬಂದವು. ಹೊಟ್ಟೆ ದಪ್ಪನೆಯ ಕೆಂಪು ಮೀನಿಗೆ ಅವನು ಪೈಲ್ವಾನ ಎಂದು ಹೆಸರಿಟ್ಟಿದ್ದ, ಅವಳು "ಪೈಲು" ಅನ್ನುತ್ತಿದ್ದಳು. ಅವನ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಪಾಚಿ ಇದ್ದರೆ ಮೀನು, ಮೀನಿದ್ದರೆ ಬಸ್ಸಮ್ಮನ ಮುಖ ಈ ಕಡೆ. ಮೀನು ಸತ್ತ ದಿನ ಅವಳು ಮತ್ತೆ ಗೋಡೆಗೆ ತಿರುಗುತ್ತಾಳೆ, ಆಮೇಲೆ ಯಾವ ದೇವರು ಬಂದರೂ ಅವಳನ್ನು ಈ ಕಡೆ ತಿರುಗಿಸಲಾರ.

ಇವತ್ತು ಅವನು ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆಯ ಹತ್ತಿರ ಓಡಿದ್ದು ಅದಕ್ಕೆ.

ಮೊದಲು ಪಂಪು ಬಂದ್ ಮಾಡಿದ. ಸತ್ತ ಮೀನನ್ನು ಬಸ್ಸಮ್ಮನಿಗೆ ಕಾಣದಂತೆ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡ. ಬಸ್ಸಮ್ಮ ಮಂಚದ ಮೇಲೆ ಕೂತಿದ್ದಳು, ಹತ್ತಿರದಲ್ಲಿ ಪಾತ್ರೆ ತಿಕ್ಕುವ ಸಾಬೂನು ನೀರಿನ ಬಕೀಟು ಇತ್ತು. ಅವಳ ಸೆರಗು ಎದೆಯವರೆಗೂ ಒದ್ದೆಯಾಗಿತ್ತು. ನೀರು ಕುಡಿಯಲು ಹೋಗಿ ಚೆಲ್ಲಿಕೊಂಡಿರಬೇಕು ಅಂದುಕೊಂಡ.

ಅಷ್ಟರಲ್ಲಿ ಹಿತ್ತಲಿಂದ ಅವನ ತಂಗಿ ಲಾಲಮ್ಮ ಒಣಗಿದ ಕೌದಿಗಳನ್ನು ಹೆಗಲ ಮೇಲೆ ಹೇರಿಕೊಂಡು ಬಂದಳು. ಈ ಕಡೆ ಮಹಾನವಮಿ ಅಮಾವಾಸ್ಯೆ ಬಂತೆಂದರೆ ಮನೆಯ ಸೂಜಿ ಕೂಡ ತೊಳೆಸಿಕೊಳ್ಳದೆ ಉಳಿಯುವುದಿಲ್ಲ. ಮರುದಿನ ಘಟ ಹಾಕಬೇಕು. ದೇವರ ಮುಂದೆ ಮಣ್ಣು ಹರಡಿ ಕಾಳು ಬಿತ್ತಿ, ಅವು ಮೊಳೆತು ಹಬ್ಬ ಮುಗಿಯುವವರೆಗೆ ದೀಪ ಆರದಂತೆ ಕಾಯಬೇಕು. ಬಸ್ಸಮ್ಮನ ಕೈಲಿ ಆಗದ್ದರಿಂದ ಲಾಲಮ್ಮ ತನ್ನ ಮನೆಯ ಘಟ ಸೊಸೆಗೆ ಒಪ್ಪಿಸಿ, ಅಣ್ಣನ ಮನೆ ತೊಳೆದುಕೊಡಲು ಮಳಖೇಡದಿಂದ ಬಂದಿದ್ದಳು.

"ಲಾಲಿ, ಈ ಸಾಣಗಿ ಯಾಕ ತೊಳದಿ?"

ಲಾಲಮ್ಮ ಕೌದಿ ಇಳಿಸಿ ಪೆಟ್ಟಿಗೆ ನೋಡಿದಳು. "ನಾ ತೊಳದಿಲ್ಲ, ಅಣ್ಣ. ನಾ ಮುಂಜಾನಿಂದ ಖಣ್ಯಾಗ ಕೌದಿ ಒಗ್ಯಾಕತ್ತಿದ್ದೆ."

ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಗಳಿಗೆ ವಾಡಿಯಲ್ಲಿ ಖಣಿ ಅನ್ನುತ್ತಾರೆ. ಮಳೆಗಾಲದಲ್ಲಿ ಅವು ತುಂಬುತ್ತವೆ, ಊರ ಹೆಂಗಸರು ಹಬ್ಬದ ಒಗೆತಕ್ಕೆಲ್ಲ ಅಲ್ಲಿಗೇ ಹೋಗುತ್ತಾರೆ.

"ಮತ್ತ ಹಾವಸಿ ತಾನೇ ಜಳಕ ಮಾಡಿ ಬಂತೇನು?"

"ನನಗೇನು ಗೊತ್ತು. ಮುಟ್ಟಬ್ಯಾಡ ಅಂತ ನೀ ಹೇಳಿದ ಮ್ಯಾಲ ನಾ ಅದರ ಹತ್ರ ಸೈತ ಹೋಗಿಲ್ಲ."

"ಮನ್ಯಾಗ ತೊಳಿಲಾಕ ಬಂದಾಕಿ ನೀ ಒಬ್ಬಾಕೇ ಅದಿ. ತೊಳದು, ಇದ್ದ ಜಾಗದಾಗ ಜೋಕಿಲೆ ಸಿಗಿಸಿಟ್ಟಾರ. ಕಳ್ಳ ಬಂದು ತೊಳದು ಹೋಗ್ತಾನೇನು?"

ಬಸ್ಸಮ್ಮ ಎಡಗೈಯಿಂದ ಮಂಚದ ಪಟ್ಟಿ ಬಡಿಯತೊಡಗಿದಳು. ಬಾಯಿಂದ "ಆ... ಆ..." ಎಂದು ದನಿ ಹೊರಟಿತು, ಮಾತಾಗಲಿಲ್ಲ. ಮೀನು ಒದ್ದಾಡುವುದನ್ನು ಕಂಡು ಹೀಗೆ ಮಾಡುತ್ತಿದ್ದಾಳೆ ಎಂದು ಭೀಮಶಾ ತಿಳಿದ, ಆ ನೋವೆಲ್ಲ ಸಿಟ್ಟಾಗಿ ತಂಗಿಯ ಮೇಲೆ ಬಿತ್ತು.

"ನೋಡು, ಆಕಿ ಹ್ಯಾಂಗ ಸಂಕಟಪಡ್ಲಿಕತ್ತಾಳ. ಮಾಡೋದು ಮಾಡಿ ಮ್ಯಾಲ ಸುಳ್ಳು ಬ್ಯಾರೆ. ನಿನ್ನ ಮಡಿ ನಿನ್ನ ಮನ್ಯಾಗ ಇಟ್ಕೊ. ನಮ್ಮ ಮನಿ ಹೊಲಸರೆ ಇರ್ಲಿ."

ಲಾಲಮ್ಮ ಕೌದಿಗಳನ್ನು ಒಂದೊಂದಾಗಿ ಮಡಿಸಿ ಒಟ್ಟಿದಳು. ತನ್ನ ಚೀಲ ತೆಗೆದುಕೊಂಡಳು. ಅತ್ತಿಗೆಯ ತಲೆ ಸವರಿ, "ಬರ್ತೀನಿ ವೈನಿ" ಎಂದು ಹೇಳಿ, ಅಣ್ಣನ ಮುಖ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಮ್ಮ ಮಂಚ ಬಡಿಯುತ್ತಲೇ ಇದ್ದಳು.

ತಂಗಿಯನ್ನು ಕರೆಯಲು ಆಗ ಭೀಮಶಾನಿಗೆ ಪುರುಸೊತ್ತಿರಲಿಲ್ಲ. ಆಸಿಮನಿಗೆ ಫೋನ್ ಹಚ್ಚಿದ.

"ಸಾಬೂನು ನೀರಾಗ ಒಂದು ಗಳಿಗಿ ಇಡಬ್ಯಾಡ್ರಿ ಭಾಯ್," ಅಂದ ಆಸಿಮ. "ಜಲ್ದಿ ಟಬ್ಬಿಗಿ ಹಾಕ್ರಿ, ಗಾಳಿ ಪೈಪ್ ಬಿಡ್ರಿ. ಖರೆ, ಟಬ್ಬಿನಾಗ ಅವು ಸಂಜಿ ತನಕ ಇದ್ರ ಭಾಳ ಆತು. ಪೆಟ್ಟಗಿ ತೊಳದು ಬ್ಯಾರೆ ನೀರು ಹಾಕ್ರಿ, ನಳದ್ದು ಬ್ಯಾಡ. ಎಲ್ಲ್ಯಾರೆ ಹಾವಸಿ ಸಿಕ್ರ ತಂದು ಸಾಣಗಿಗಿ ತಿಕ್ರಿ."

"ನಿನ್ನ ಅಂಗಡ್ಯಾಗ ಇಲ್ಲೇನೊ?"

"ನನ್ನ ಹತ್ರ ಎಲ್ಲಾ ರೆಡಿಮೇಡ್ ಫಿಲ್ಟರ್ ಅದಾವ. ಹಾವಸಿ ಸಾಕೋರು ಈ ಸೀಮ್ಯಾಗ ನೀವು ಒಬ್ಬರೇ."

ಹಿತ್ತಲಿನ ಡ್ರಮ್ಮುಗಳ ಮುಚ್ಚಳ ತೆಗೆದರೆ ತಳ ಕಂಡಿತು. ಹಬ್ಬದ ತೊಳೆತ ಇಡೀ ಮನೆಯ ನೀರನ್ನು ಕುಡಿದುಬಿಟ್ಟಿತ್ತು, ನಳ ಬರುವುದು ಯಾವಾಗಲೋ. ಕುಡಿಯಲು ತರಿಸಿಟ್ಟ ಕ್ಯಾನುಗಳ ನೀರನ್ನೇ ಟಬ್ಬಿಗೆ ಸುರಿದು, ಮೀನುಗಳನ್ನು ಬೊಗಸೆಯಲ್ಲಿ ಎತ್ತಿ ಹಾಕಿದ. ಪೈಲ್ವಾನ ಕೈಯೊಳಗೆ ಮಿಸುಕಲಿಲ್ಲ. ನೀರಿಗೆ ಬಿದ್ದ ಮೇಲೆ ಒಂದು ಸಲ ರೆಕ್ಕೆ ಆಡಿಸಿ ತಳಕ್ಕೆ ಕೂತಿತು. ಪಕ್ಕದ ಮನೆಯ ಮುದುಕಿ ಸುಗರಾಬಿಯನ್ನು ಬಸ್ಸಮ್ಮನ ಹತ್ತಿರ ಕೂಡಿಸಿ, ಖಾಲಿ ಡ್ರಮ್ಮು ಆಟೋಕ್ಕೆ ಏರಿಸಿ ಹೊರಟ. ಹೋಗುವುದೆಲ್ಲಿಗೆ ಎಂದು ಯೋಚಿಸುವ ಕೆಲಸವಿರಲಿಲ್ಲ. ಹಾವಸೆ ಎಂದರೆ ಅವನಿಗೆ ಗೊತ್ತಿದ್ದದ್ದು ಕಾಗಿಣಾ ಹೊಳೆ ಒಂದೇ.

ರೈಲ್ವೆ ಗೇಟು ಹಾಕಿತ್ತು. ಕಲ್ಲಿದ್ದಲು ಹೇರಿದ ಗೂಡ್ಸು ಬಾಲವೇ ಇಲ್ಲವೇನೋ ಎಂಬಂತೆ ಹೋಗುತ್ತಲೇ ಇತ್ತು. ಭೀಮಶಾ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ. ಚಿತ್ತಾಪುರ ದಾಟಿದ ಮೇಲೆ ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗುವಾಗ, ಲಾಲಿ ಬಂದ ದಿನ ಆಡಿದ ಮಾತು ಅವನಿಗೆ ನೆನಪಾಯಿತು. ಕೆಂಪು ಬೆಳಕಿನಲ್ಲಿ ತೊಯ್ಯುತ್ತಿದ್ದ ಪಾಚಿ ನೋಡಿ ಅವಳು ಮೂಗು ಮುರಿದಿರಲಿಲ್ಲ. "ಘಟದಾಗಿನ ಬೆಳಿ ದೀಪದ ಮುಂದ ಬೆಳಿತದ, ನಿಂದು ಲೈಟಿನ ಮುಂದ. ನಿಂದು ವರ್ಷಪೂರ್ತಿ ಘಟ ನೋಡು ಅಣ್ಣ" ಎಂದು ನಕ್ಕಿದ್ದಳು. ಘಟ ಎಂದು ಕರೆದದ್ದನ್ನು ಯಾವ ಹೆಂಗಸು ಕಿತ್ತು ತೊಳೆಯುತ್ತಾಳೆ? ಆ ಪ್ರಶ್ನೆ ಎದ್ದದ್ದೇ ಭೀಮಶಾನಿಗೆ ಸೀಟಿನ ಮೇಲೆ ಕೂತಿರುವುದು ಕಷ್ಟವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಲಾಲಿ ತೊಳೆಯದಿದ್ದರೆ ಮತ್ಯಾರು? ಸುಗರಾಬಿಗೆ ಸೊಂಟ ಬಗ್ಗದು, ಅವಳು ಸಾಣಿಗೆ ಇಳಿಸಲಾರಳು. ಬೇರೆ ಯಾರೂ ಮನೆಗೆ ಬಂದಿರಲಿಲ್ಲ. ಯೋಚನೆ ಮತ್ತೆ ಲಾಲಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಮಳಖೇಡದಲ್ಲಿ ಆಟೋ ನಿಲ್ಲಿಸಿ ಹೊಳೆಗೆ ಓಡಿದ. ಮೇಲೆಲ್ಲೋ ಮಳೆಯಾಗಿತ್ತು. ಕಾಗಿಣಾ ದಡ ತುಂಬ ಕೆಂಪಗೆ ಹರಿಯುತ್ತಿತ್ತು. ಕೋಟೆಯ ಕೆಳಗಿನ ಮೆಟ್ಟಿಲುಗಳು, ಅವನ ಹಲ್ಲು ಮುರಿದ ಹಾಸುಗಲ್ಲು, ಹಾವಸೆ ಇರುವ ಬಂಡೆಗಳು, ಎಲ್ಲ ನೀರಿನಡಿ ಹೋಗಿದ್ದವು. ಪ್ಯಾಂಟು ಮಡಚಿ ಮೊಳಕಾಲಿನವರೆಗೆ ಇಳಿದು ಕೈಯಾಡಿಸಿದ. ಸಿಕ್ಕಿದ್ದು ರಾಡಿ. ಜೇಬಿನಲ್ಲಿದ್ದ ಸತ್ತ ಮೀನು ಆಗ ಅವನ ಕೈಗೆ ತಾಕಿತು. ಅದನ್ನು ತೆಗೆದು ಹೊಳೆಗೆ ಬಿಟ್ಟ. ಹೊಳೆ ಅದನ್ನು ಒಯ್ದಿತು.

"ಈ ಕೆಂಪು ನೀರು ಹಾಕಿದ್ರ ಉಳದವೂ ಸಾಯ್ತಾವ."

ದಡದ ಮೇಲೆ ಲಾಲಮ್ಮ ನಿಂತಿದ್ದಳು. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಅಣ್ಣನ ಆಟೋ ಕಂಡಿರಬೇಕು. ಚೀಲ ಇನ್ನೂ ಕೈಯಲ್ಲೇ ಇತ್ತು.

"ನಮ್ಮ ಬಾನ್ಯಾಗ ಅದ, ಬಾ," ಎಂದು ತಿರುಗಿ ನಡೆದಳು.

ಅವಳ ಅಂಗಳದಲ್ಲಿ ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ ಇತ್ತು. ಬಾವಿಯ ನೀರು, ದಿನಗಟ್ಟಲೆ ನಿಂತು ತಿಳಿಯಾದದ್ದು. ಒಳಮೈಗೆಲ್ಲ ಹಾವಸೆ ದಪ್ಪಗೆ ಹತ್ತಿತ್ತು. ಹಬ್ಬದ ತೊಳೆತ ದನದ ಬಾನಿಯವರೆಗೆ ಇನ್ನೂ ಬಂದಿರಲಿಲ್ಲ. ಲಾಲಮ್ಮ ಸೊಸೆಗೆ ಕೊಡ ತರಲು ಹೇಳಿ, ತಾನೇ ತೆಂಗಿನ ಚಿಪ್ಪಿನಿಂದ ಹಾವಸೆ ಕೆರೆದು ಡಬ್ಬಿ ತುಂಬಿದಳು. ಭೀಮಶಾ ಬಾನಿಯ ನೀರನ್ನು ಕೊಡದಿಂದ ಮೊಗೆದು ಡ್ರಮ್ಮಿಗೆ ಹೊಯ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡ್ರಮ್ಮು ತುಂಬಿದ ಮೇಲೆ ಅವನು ಅಂದ, "ಗಾಡಿ ಹತ್ತು ಲಾಲಿ. ನಾಳಿ ಘಟ ಅದ."

"ತೊಳದವ್ರು ಯಾರು ಅಂತ ತಿಳೀತೇನು?"

"ಯಾರರೆ ತೊಳಿಲಿ, ಬಿಡು ಈಗ."

"ಹ್ಯಾಂಗ ಬಿಡ್ಲಿ? ವೈನಿ ಮುಂದ ನನಗ ಸುಳ್ಳಿ ಮಾಡಿದಿ." ಅವಳ ದನಿ ಏರಲಿಲ್ಲ. "ನಿನಗ ತಿಳಿದ ಮ್ಯಾಲ ಫೋನ್ ಮಾಡು. ನಡ್ಕೊಂತರೆ ಬರ್ತೀನಿ. ಅಲ್ಲಿ ತನಕ ನಿನ್ನ ಹೊಸ್ತಿಲ ದಾಟಂಗಿಲ್ಲ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಹತ್ತುತ್ತದೆಯೇ? ಭೀಮಶಾ ತಲೆ ತಗ್ಗಿಸಿ ಗಾಡಿ ಚಾಲೂ ಮಾಡಿದ. ಅವನಿಗೆ ಎರಡು ಭಯ. ಮನೆ ಮುಟ್ಟುವುದರೊಳಗೆ ಪೈಲ್ವಾನ ಹೋಗಿರುತ್ತದೆ ಎಂಬುದು ಒಂದು. ಮೀನು ಹೋದರೆ ಹೆಂಡತಿ, ಹೋಗದಿದ್ದರೂ ತಂಗಿ, ಹೇಗೂ ಒಬ್ಬಳು ತನ್ನಿಂದ ಮುಖ ತಿರುಗಿಸಿಬಿಟ್ಟಳು ಎಂಬುದು ಇನ್ನೊಂದು.

ವಾಡಿಗೆ ಬಂದಾಗ ಹೊತ್ತು ಇಳಿದಿತ್ತು, ಬೆಳಕಿನ್ನೂ ಇತ್ತು. ಸುಗರಾಬಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಜಲ್ದಿ ಬಾ ಭೀಮಶಾ. ಆ ದಪ್ಪಂದು ಒಂದ್ ಕಡಿ ವಾಲ್ಲಿಕತ್ತದ."

"ಸುಗರಾ ಖಾಲಾ, ಮುಂಜಾನಿ ನೀವೇನರೆ ಆ ಸಾಣಗಿ ತೊಳದೀರೇನು?"

"ನನ್ನ ಭಾಂಡಿ ತೊಳಿಲಾಕೇ ನನಗ ಆಗಲ್ಲ ಬೇಟಾ. ನಾ ಎರಡ್ ಸಲ ಇಣಿಕಿ ನೋಡೀನಿ, ಬಸ್ಸಮ್ಮ ಕುಂತಿದ್ಲು, ಅಷ್ಟೇ."

ಹೆಚ್ಚು ಕೇಳಲು ಹೊತ್ತಿರಲಿಲ್ಲ. ಪೆಟ್ಟಿಗೆಯ ಸಾಬೂನು ನೀರು ಚೆಲ್ಲಿ, ಬಾನಿಯ ನೀರಿನಿಂದ ತೊಳೆದು, ಮತ್ತೆ ಅದನ್ನೇ ತುಂಬಿದ. ಸಾಣಿಗೆಯನ್ನು ಬೋಗುಣಿಯಲ್ಲಿಟ್ಟು ಡಬ್ಬಿಯ ಹಾವಸೆಯನ್ನೆಲ್ಲ ಅದರ ತೂತುಗಳಿಗೆ ಒತ್ತಿ ಒತ್ತಿ ತಿಕ್ಕಿದ. ಹಸಿರು ಮೆತ್ತಿಕೊಂಡಿತು. ಇಷ್ಟು ಬೇರು ಹಿಡಿದರೆ ಸಾಕು, ಲೈಟು ಹಗಲೂ ರಾತ್ರಿ ಉರಿಸಿದರೆ ಎಂಟು ಹತ್ತು ದಿನಕ್ಕೆ ಚಿಗುರಬಹುದು. ಬೋಗುಣಿಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಟಬ್ಬಿನ ಕಡೆ ತಿರುಗಿದ. ಪೈಲ್ವಾನನನ್ನು ಬೊಗಸೆಯಲ್ಲಿ ಎತ್ತಿ ಹೊಸ ನೀರಿಗೆ ಬಿಟ್ಟು, ಅದರ ಬೆನ್ನಿಗೆ ಬೆರಳು ಹಚ್ಚಿ ನೆಟ್ಟಗೆ ಹಿಡಿದು ನಿಂತ. ಕಿವಿರು ತೆರೆಯಿತು, ಮುಚ್ಚಿತು.

ಬೆನ್ನ ಹಿಂದೆ ಪರಕ್ ಪರಕ್ ಎಂದು ಸದ್ದಾಯಿತು.

ತಿರುಗಿದ. ಬಸ್ಸಮ್ಮ ಬೋಗುಣಿಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಎಡಗೈಯಲ್ಲಿ ಸಾಣಿಗೆಯ ಅಂಚು ಹಿಡಿದಿದ್ದಳು, ಸೆರಗಿನ ತುದಿಯಿಂದ ಅದರ ಮೈ ತಿಕ್ಕುತ್ತಿದ್ದಳು. ಅವನು ಮಳಖೇಡದವರೆಗೆ ಹೋಗಿ ತಂದ ಹಾವಸೆ ಉಂಡೆ ಉಂಡೆಯಾಗಿ ಬೋಗುಣಿಗೆ ಬೀಳುತ್ತಿತ್ತು.

"ಬಸ್ಸಮ್ಮ, ಬ್ಯಾಡ..." ಎಂದು ಕೈ ಚಾಚಿದವನು ಅಲ್ಲಿಗೇ ನಿಂತ.

ತಿಕ್ಕುತ್ತಿದ್ದದ್ದು ಬಲಗೈ.

ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕೈ ನಡುಗುತ್ತಿತ್ತು, ಜಾರುತ್ತಿತ್ತು. ಅವಳು ಭುಜದಿಂದ ದೂಡಿ ಮತ್ತೆ ಅದನ್ನು ಸಾಣಿಗೆಯ ಮೇಲೆ ತರುತ್ತಿದ್ದಳು. ಹಣೆಯ ಮೇಲೆ ಬೆವರು. ಹಲ್ಲು ಕಚ್ಚಿದ ಆ ಮುಖ ಭೀ‌ಮಶಾನಿಗೆ ಚೆನ್ನಾಗಿ ಪರಿಚಯವಿತ್ತು. ನಳದ ಹತ್ತಿರ ಜಗಳಕ್ಕೆ ಇಳಿಯುವ ಮೊದಲು ಬಸ್ಸಮ್ಮನ ಮುಖ ಹೀಗೇ ಇರುತ್ತಿತ್ತು.

ಒದ್ದೆ ಸೆರಗು ಈಗ ಅವನಿಗೆ ಅರ್ಥವಾಯಿತು. ಲಾಲಿ ಪಾತ್ರೆ ತಿಕ್ಕಲು ಮಂಚದ ಹತ್ತಿರ ಬಿಟ್ಟುಹೋದ ಸಾಬೂನು ನೀರಿನ ಬಕೀಟು, ಜೋಕೆಯಿಂದ ಮತ್ತೆ ಸಿಗಿಸಿಟ್ಟ ಸಾಣಿಗೆ, ಮಂಚ ಬಡಿದು ಬಡಿದು ಅವಳು ಹೇಳಲು ಹೆಣಗಿದ್ದು, ಎಲ್ಲ ಅರ್ಥವಾಯಿತು. ಮೀನಿಗಾಗಿ ಅವಳು ಮಂಚ ಬಡಿದಿರಲಿಲ್ಲ, ನಾದಿನಿಯ ಮೇಲೆ ಬಿದ್ದ ಅಪವಾದಕ್ಕೆ ಬಡಿದಿದ್ದಳು.

"ಸಾಣಗಿ," ಅಂದಳು ಬಸ್ಸಮ್ಮ. ಉಸಿರು ಎಳೆದುಕೊಂಡಳು. "ನನ್ನ ಸಾಣಗಿ." ಗೋಡೆಯಲ್ಲಿನ ದೇವರ ಮಾಡದ ಕಡೆ ಗದ್ದ ಎತ್ತಿ ತೋರಿಸಿದಳು. "ನಾಳಿ ಘಟ."

ಇಷ್ಟುದ್ದದ ಮಾತು ಅವಳ ಬಾಯಿಂದ ಬಂದು ಒಂದೂವರೆ ವರ್ಷವಾಗಿತ್ತು. ಗಂಡ ಕೇಳದೆ ಒಯ್ದ ಅವಳ ಸಾಣಿಗೆ ಹೊಲಸು ಮೆತ್ತಿಕೊಂಡು ಕಣ್ಣೆದುರಿಗೇ ನಿಂತಿತ್ತು. ನಾಳೆ ಘಟದಲ್ಲಿ ದೇವರು ಕೂರಬೇಕು. ಸತ್ತ ಕೈಯನ್ನು ಎಬ್ಬಿಸಲು ವೈದ್ಯರ ಎಣ್ಣೆ, ವ್ಯಾಯಾಮ ಯಾವುದಕ್ಕೂ ಆಗದ್ದು ಆ ಹೊಲಸಿಗೆ ಆಗಿತ್ತು.

ಹಿಂದೆ ಪೆಟ್ಟಿಗೆಯಲ್ಲಿ ಪೈಲ್ವಾನ ಮತ್ತೆ ವಾಲಿತು. ಬೋಗುಣಿ ಕಸಿದುಕೊಂಡರೆ ಹಾವಸೆ ಉಳಿಯುತ್ತದೆ. ಭೀಮಶಾ ಕಸಿದುಕೊಳ್ಳಲಿಲ್ಲ. ಹೆಂಡತಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಚೊಂಬಿನಿಂದ ಸಾಣಿಗೆಯ ಮೇಲೆ ಸಣ್ಣಗೆ ನೀರು ಹೊಯ್ದ.

"ಇಲ್ಲಿ ಇನ್ನಾ ಉಳದದ ನೋಡು," ಎಂದು ಹಸಿರು ಇದ್ದ ಕಡೆ ಬೆರಳಿಟ್ಟು ತೋರಿಸಿದ. "ಜರಾ ಜೋರಲೆ ತಿಕ್ಕು."

ಅವಳು ತಿಕ್ಕಿದಳು. ಅವನು ನೀರು ಹೊಯ್ಯುತ್ತಲೇ ಇದ್ದ. ಕಣ್ಣಲ್ಲಿ ನೀರು ಬಂದು ಮುಂದಿನದೇನೂ ಅವನಿಗೆ ಕಾಣಲಿಲ್ಲ. ಬಾಗಿಲಲ್ಲಿ ಸುಗರಾಬಿ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಬೋಗುಣಿಯಲ್ಲಿ ಬಿದ್ದ ಹಾವಸೆಯನ್ನು ಅವನು ಚೆಲ್ಲಲಿಲ್ಲ. ತೊಳೆದ ಸಾಣಿಗೆಯನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ ಬಂದು, ಹಸಿರನ್ನು ಒಂದು ಹರಕು ಸೊಳ್ಳೆಪರದೆಯ ತುಂಡಿನಲ್ಲಿ ಕಟ್ಟಿ ಪೆಟ್ಟಿಗೆಯ ನೀರಿಗೆ, ಲೈಟಿನ ಕೆಳಗೆ, ಇಳಿಬಿಟ್ಟ. ಆಮೇಲೆ ಅಂಗಳಕ್ಕೆ ಹೋಗಿ ಮಳಖೇಡಕ್ಕೆ ಫೋನ್ ಹಚ್ಚಿದ.

"ಲಾಲಿ, ತಿಳೀತು," ಅಂದ. "ನಿನ್ನ ವೈನಿ ತೊಳದಾಳ. ಬಲಗೈಲೆ."

"ಬಲಗೈಲೆ," ಎಂದು ಲಾಲಮ್ಮ ತನಗೆ ತಾನೇ ಹೇಳಿಕೊಂಡಳು.

"ನಾ ಅಂದಿದ್ದು ತಪ್ಪಾತು. ನಿನ್ನ ಕಾಲು ಹಿಡಿತೀನಿ, ಬಾ."

"ಕಾಲು ಹಿಡಿಯೋದು ಬ್ಯಾಡ. ಘಟಕ್ಕ ಮಣ್ಣು ನಾನೇ ಹೊಳಿ ದಂಡಿಂದ ತರ್ತೀನಿ. ವೈನಿಗಿ ಹೇಳು."

ಬೆಳಗಾಗುವುದರೊಳಗೆ ಇನ್ನೊಂದು ಸಣ್ಣ ಮೀನು ಸತ್ತಿತ್ತು. ಭೀಮಶಾ ಅದನ್ನು ಈ ಸಲ ಜೇಬಿನಲ್ಲಿ ಮುಚ್ಚಿಡಲಿಲ್ಲ, ಬಸ್ಸಮ್ಮನ ಎದುರಿಗೇ ತೆಗೆದ. ಅವಳು ನೋಡಿದಳು, ನಿಟ್ಟುಸಿರಿಟ್ಟಳು, ಗೋಡೆಗೆ ತಿರುಗಲಿಲ್ಲ. ಪೈಲ್ವಾನ ನೆಟ್ಟಗಾಗಿ ಪೆಟ್ಟಿಗೆಯ ಮೂಲೆಯಲ್ಲಿ ಮೆಲ್ಲಗೆ ಈಜುತ್ತಿತ್ತು.

ಮೊದಲ ಬಸ್ಸಿಗೆ ಲಾಲಮ್ಮ ಬಂದಳು. ಒಂದು ಕಂಕುಳಲ್ಲಿ ಮಣ್ಣಿನ ಗಂಟು, ಇನ್ನೊಂದು ಕೈಯಲ್ಲಿ ಪೇಪರು ಸುತ್ತಿದ ದುಂಡನೆಯ ಏನೋ. ಹೊಸ್ತಿಲು ದಾಟಿ ನೇರ ಮಂಚದ ಹತ್ತಿರ ಹೋಗಿ ಬಸ್ಸಮ್ಮನ ಬಲಗೈ ಎತ್ತಿ ತನ್ನ ಕೆನ್ನೆಗೆ ಹಚ್ಚಿಕೊಂಡಳು. ಇಬ್ಬರೂ ಅತ್ತರು. ಭೀಮಶಾ ಸುಮ್ಮನೆ ಲೈಟಿನ ವೈರು ಸರಿಪಡಿಸುತ್ತ ನಿಂತ.

ಆಮೇಲೆ ಲಾಲಮ್ಮ ಪೇಪರು ಬಿಚ್ಚಿದಳು. ಒಳಗೆ ಹಳೆಯದೊಂದು ಸಾಣಿಗೆ.

"ಇದು ನಂದು, ಅಣ್ಣ. ಹಾವಸಿಗಿ ಇದನ್ನ ಹಚ್ಚು. ವೈನಿದು ವೈನಿಗಿ ಇರ್ಲಿ."

ಭೀಮಶಾ ಕೈ ಚಾಚುವ ಮೊದಲೇ ಬಸ್ಸಮ್ಮ ಅದನ್ನು ತನ್ನ ಕಡೆ ಎಳೆದುಕೊಂಡಳು. ತೊಡೆಯ ಮೇಲಿಟ್ಟು ಮೇಲೆ ಕೆಳಗೆ ತಿರುಗಿಸಿದಳು. ಅಂಚಿನಲ್ಲಿ ಕೂತಿದ್ದ ಹಳೆಯ ಹಿಟ್ಟಿನ ಮೇಲೆ ಬಲಗೈಯ ಹೆಬ್ಬೆರಳು ಇಟ್ಟು, ಗಂಡನ ಮುಖ ನೋಡಿದಳು.

"ತೊಳಿ," ಅಂದಳು.

"ತೊಳದೇ ತಂದೀನಿ ವೈನಿ," ಎಂದು ಲಾಲಮ್ಮ ಅಳುತ್ತಲೇ ನಕ್ಕಳು.

ಬಸ್ಸಮ್ಮ ಒಪ್ಪಲಿಲ್ಲ. ಭೀಮಶಾ ಸಾಣಿಗೆ ತೆಗೆದುಕೊಂಡು ಬಚ್ಚಲಿಗೆ ಹೋಗಿ, ಸಾಬೂನು ಮುಟ್ಟದೆ, ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆದ.